ಕೊನೇ ಬಾಗಿಲಿನ ಚೀಟಿ

ಮಾರ್ಚ್ ೬

ಮರೆಗುಳಿ ಮೈದುನನಿಗೆ ಭಾವನ ಆಶೀರ್ವಾದ.

ಫೋನಿಗೇನು ರೋಗ ಬಂದಿತ್ತು, ಕಾಗದ ಯಾಕೆ ಅಂತ ಕೇಳಬೇಡ. ಫೋನ್ ಹಿಡಿದರೆ ನಿನ್ನ ಅಕ್ಕ ಕಿತ್ತುಕೊಳ್ಳುತ್ತಾಳೆ. ಮುಕ್ಕಾಲು ಗಂಟೆ ಮಾತಾಡಿ, ಕೊನೆಗೆ "ನಿಮ್ಮ ಭಾವ ಚೆನ್ನಾಗಿದಾರೆ ಕಣೋ" ಅಂತ ನನ್ನ ಪಾಲಿನದನ್ನೂ ಅವಳೇ ಹೇಳಿ ಇಟ್ಟುಬಿಡುತ್ತಾಳೆ. ನನಗೆ ನಿನ್ನ ಹತ್ತಿರ ಬೇರೆ ಕೆಲಸವಿದೆ.

ಬಾವಿಕಪ್ಪೆ ಮತ್ತೆ ಬರುತ್ತಿದೆ. ಹೌದು, ಇಪ್ಪತ್ತೆರಡು ವರ್ಷದ ಹಿಂದೆ ನಾವಿಬ್ಬರೂ ಒಂದೇ ಆಫೀಸಿನಲ್ಲಿ ಕೂತು ತಯಾರು ಮಾಡಿದ ಅದೇ ವಿಡಿಯೋ ಆಟ. ಬಾವಿಯೊಳಗಿನ ಕಪ್ಪೆ ಕಲ್ಲಿಂದ ಕಲ್ಲಿಗೆ ಜಿಗಿದು, ತೊಂಬತ್ತಾರು ಕೀಲಿಕೈ ಕೂಡಿಸಿಕೊಂಡು, ಮೇಲಿನ ಬಾಗಿಲು ಕಾಯುವ ಮುದಿ ಆಮೆಯ ಮುಂದೆ ನಿಲ್ಲುವುದು. ಅದರ ಎಲ್ಲ ಆವೃತ್ತಿಗಳನ್ನೂ ಒಂದೇ ಕಡೆ ಸೇರಿಸಿ ಹೊಸದಾಗಿ ಮಾರುತ್ತಾರಂತೆ. ಒಂದು ದೇಶದಲ್ಲಿ ಕಪ್ಪೆ ಅಂದರೆ ಅಸಹ್ಯ ಅಂತ ಅದರ ಬದಲು ಮೊಲ ಹಾಕಿದ್ದರಲ್ಲ, ಆ ಆವೃತ್ತಿಯೂ ಇದೆ. ಇನ್ನೊಂದು ದೇಶದ ಟಿವಿಗಳ ವೇಗ ಕಡಿಮೆ ಅಂತ ಆಟದ ವೇಗ ಹೆಚ್ಚಿಸಿ, ಕಪ್ಪೆ ಜ್ವರ ಬಂದಂತೆ ಓಡುತ್ತಿತ್ತಲ್ಲ, ಅದೂ ಇದೆ. ನಮ್ಮ ಐದು ಭಾಷೆಯದೂ ಇದೆ. ನಮ್ಮ ಭಾಷೆಯ ಮಾತು ಬರೆದವನು ನಾನು ಅಂತ ಕಂಪನಿಯವರು ನನ್ನನ್ನು ಹುಡುಕಿ ತೆಗೆದಿದ್ದಾರೆ. ಒಂದು ಸಲ ಕಣ್ಣಾಡಿಸಿ ಕೊಡಿ ಅಂದರು.

ನನ್ನ ಹತ್ತಿರ ಆ ಆಟದ ಕ್ಯಾಸೆಟ್ಟು ಇಲ್ಲ. ಮನೆ ಬದಲಾಯಿಸುವಾಗ ಎಲ್ಲೋ ಹೋಯಿತು. ನಿನ್ನ ಹತ್ತಿರ ಇದ್ದರೆ, ಕೊನೇ ಬಾಗಿಲಲ್ಲಿ ಅದು ಹೇಗೆ ನಿಂತುಬಿಡುತ್ತದೆ ಅನ್ನುವುದನ್ನು ನೋಡಿ ಬರೆ. ಪರೀಕ್ಷಕನಾಗಿದ್ದವನು ನೀನು, ಆ ಕೈ ನನಗೆ ಬರುವುದಿಲ್ಲ.

ಹಳೆಯದನ್ನು ಕೆದಕುತ್ತಿದ್ದೇನೆ ಅಂತ ಬೇಜಾರು ಮಾಡಿಕೊಳ್ಳಬೇಡ. ನಿನ್ನ ಅಕ್ಕ ಹೇಳಿದ್ದು: ಗ್ಯಾಸ್ ಆರಿಸಿದ್ದೀಯಾ ನೋಡಿಕೊಳ್ಳಬೇಕಂತೆ.

ಇಂತಿ
ನಿನ್ನ ಭಾವ


ಮಾರ್ಚ್ ೧೫

ಭಾವನವರಿಗೆ ನಮಸ್ಕಾರಗಳು.

ಗ್ಯಾಸ್ ಆರಿಸಿದ್ದೇನೆ, ಮೂರು ಸಲ ನೋಡಿದ್ದೇನೆ ಅಂತ ಅಕ್ಕನಿಗೆ ಹೇಳಿ.

ಕ್ಯಾಸೆಟ್ಟು ಇದೆ. ಬಟ್ಟೆ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೆ. ಇಷ್ಟು ವರ್ಷ ಅದನ್ನು ಇಟ್ಟುಕೊಂಡಿದ್ದಕ್ಕೆ ಅಭಿಮಾನ ಕಾರಣವಲ್ಲ, ಭಾವ, ನಿಮಗೆ ಗೊತ್ತು. ಮಗಳು ಅದನ್ನು ನೋಡಿದ್ದೇ ತಡ, ಐದು ದಿನದಿಂದ ಹೋಂವರ್ಕಿಗೆ ರಜೆ. ಅವಳಿಗೆ ಹನ್ನೊಂದು ವರ್ಷ, ಬೆರಳು ಎಷ್ಟು ಚುರುಕು ಅಂದರೆ ನಾನು ಸಂಬಳಕ್ಕೆ ಆಡುತ್ತಿದ್ದಾಗಲೂ ಅಷ್ಟು ಇರಲಿಲ್ಲ. ತೊಂಬತ್ತಾರು ಕೀಲಿಕೈ ಅವಳೇ ಕೂಡಿಸಲಿ ಅಂತ ಬಿಟ್ಟಿದ್ದೇನೆ, ಆಮೇಲೆ ಬರೆಯುತ್ತೇನೆ.

ಈಗ ನನ್ನದೊಂದು ವಿಷಯ. ಆಫೀಸಿನಲ್ಲಿ ನನ್ನನ್ನು ಮುಖ್ಯ ಪರೀಕ್ಷಕ ಮಾಡುತ್ತೇವೆ ಅನ್ನುತ್ತಿದ್ದಾರೆ. ಊರಿನ ಅಷ್ಟೂ ಕಟ್ಟಡಗಳ ಲಿಫ್ಟು, ಕೆಳಗೆ ಹದಿನಾಲ್ಕು ಜನ ಪರೀಕ್ಷಕರು. ಅವರು ಹಗ್ಗ, ಬ್ರೇಕು, ಬಾಗಿಲು ನೋಡಿ ವರದಿ ಕೊಡುವುದು, ನಾನು ಕೊನೇ ಸಹಿ ಹಾಕುವುದು. ಏಪ್ರಿಲ್ ೨೨ರೊಳಗೆ ಒಪ್ಪಿಗೆ ಕೊಡಬೇಕು. ಬೇಡ ಅನ್ನಬೇಕು ಅಂತಿದ್ದೇನೆ.

ಯಾಕೆ ಅಂತ ನೀವು ಕೇಳುವುದಿಲ್ಲ ಅಂತ ಗೊತ್ತು. ಆ ದಿನ ಕೊನೇ ಬಾಗಿಲಿನ ತಪ್ಪನ್ನು ಗುಲಾಬಿ ಚೀಟಿಯಲ್ಲಿ ಬರೆದೆ, ನಿಮ್ಮ ಮೇಜಿನ ಮೇಲೆ ಕಾಗದಗಳಿಗೆ ಇಟ್ಟಿದ್ದ ತಟ್ಟೆಗೆ ಹಾಕಿದೆ ಅಂತಲೇ ನನ್ನ ನೆನಪು. ಆದರೆ ಆಟ ಹಾಗೇ ಮಾರಾಟವಾಗಿ, ಮಕ್ಕಳಿಂದ ದೂರು ಬಂದ ಮೇಲೆ ನಡೆದ ವಿಚಾರಣೆಯಲ್ಲಿ ನೀವು "ನನ್ನ ಕೈಗೆ ಯಾವ ಚೀಟಿಯೂ ಬಂದಿಲ್ಲ" ಅಂದಿರಿ. ನೀವು ಸುಳ್ಳು ಹೇಳುವವರಲ್ಲ. ಹಾಗಾದರೆ ನಾನೇ ಎಲ್ಲೋ ಮರೆತಿರಬೇಕು. ಊಟದ ಚೀಲ, ಕೋಟಿನ ಜೇಬು, ಬಸ್ಸಿನ ಸೀಟಿನ ಕೆಳಗೆ ಕೂಡ ಹುಡುಕಿದೆ, ಸಿಗಲಿಲ್ಲ. ಬರೆದೆ, ಕೊಟ್ಟೆ ಅಂತ ಇಷ್ಟು ಗಟ್ಟಿಯಾಗಿ ನೆನಪಿರುವ ಮನುಷ್ಯ ನಿಜವಾಗಿ ಕೊಟ್ಟೇ ಇರಲಿಲ್ಲ ಅಂತಾದ ಮೇಲೆ, ಅಂಥವನ ಸಹಿ ನಂಬಿ ಜನ ಹನ್ನೆರಡನೇ ಮಹಡಿಗೆ ಹೋಗಬಾರದು.

ಅವತ್ತು ನನ್ನ ಕೆಲಸ ಹೋಯಿತು, ನನ್ನಿಂದ ನಿಮ್ಮ ಹೆಸರಿಗೂ ಮಸಿ ಹತ್ತಿತು. ನೀವು ಒಂದು ದಿನವೂ ಎತ್ತಿ ಆಡಲಿಲ್ಲ. ಪ್ರತಿ ಸಲವೂ ಹೇಳುತ್ತೇನೆ, ಈಗಲೂ ಹೇಳುತ್ತೇನೆ, ಕ್ಷಮಿಸಿ.

ಇಂತಿ
ಮರೆಗುಳಿ


ಮಾರ್ಚ್ ೨೧

ಮೈದುನನಿಗೆ,

ದಡ್ಡ, ಕೆಲಸ ಒಪ್ಪಿಕೋ. ಯಾರು ಮರೆಯುವುದಿಲ್ಲ? ನಾನು ಕನ್ನಡಕ ತಲೆ ಮೇಲಿಟ್ಟುಕೊಂಡು ಮನೆ ತುಂಬ ಕನ್ನಡಕ ಹುಡುಕುತ್ತೇನೆ. ನಿನ್ನನ್ನು ನಾನು ಎಂದೋ ಕ್ಷಮಿಸಿದ್ದಾಯಿತು, ಅದನ್ನೇ ಹಿಡಿದು ಜಗ್ಗಬೇಡ. ಪಾಪ, ಒಂದೇ ತಪ್ಪನ್ನು ಮೂರು ಮೂರು ಸಲ ಆಡಿ ನೋಡಿದ್ದವನು ನೀನು. ಚೀಟಿ ಕಳೆದರೆ ನಿನ್ನ ಶ್ರದ್ಧೆ ಕಳೆದಂತೇನೂ ಅಲ್ಲ.

ಕೆಲಸ ಬಹಳ ಇದೆ. ಚಿಕ್ಕದಾಗಿ ಬರೆದಿದ್ದೇನೆ. ಆಟ ಮುಗಿದ ಮೇಲೆ ತಿಳಿಸು.

ನಿನ್ನ ಭಾವ


ಏಪ್ರಿಲ್ ೪

ಭಾವನವರಿಗೆ ನಮಸ್ಕಾರಗಳು.

ನಿಮ್ಮ ದೊಡ್ಡ ಮನಸ್ಸಿಗೆ ನಾನು ಏನು ಹೇಳಲಿ. ಕಾಗದ ಓದಿ ನನ್ನ ಹೆಂಡತಿಗೂ ಕೊಟ್ಟೆ. "ಇಂಥ ಭಾವ ಎಲ್ಲರಿಗೂ ಸಿಗ್ತಾರೇನ್ರೀ" ಅಂದಳು.

ಮಗಳು ಭಾನುವಾರ ಮುಗಿಸಿದಳು. ಮುಗಿಸಿದಳು ಅನ್ನುವ ಹಾಗಿಲ್ಲ. ತೊಂಬತ್ತಾರನೇ ಕೀಲಿಕೈ ಸಿಕ್ಕಾಗ ಸೋಫಾ ಮೇಲೆ ಹತ್ತಿ ಕುಣಿದಳು. ಕಪ್ಪೆ ಬಾಗಿಲ ಮುಂದೆ ಬಂತು, ಆಮೆ ಕತ್ತು ಹೊರಗೆ ಹಾಕಿತು, ಪರದೆ ಹಾಗೇ ನಿಂತಿತು. ಸಂಗೀತ ಒಂದೇ ಸ್ವರ ಹಿಡಿದು ಕೊರೆಯತೊಡಗಿತು. ಅವಳು ಕಂಟ್ರೋಲರು ಒತ್ತಿ ಒತ್ತಿ ನನ್ನ ಕಡೆ ತಿರುಗಿದಳು.

"ಅಪ್ಪಾ, ನಿಮಗೆ ಇದು ಆವಾಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು ಪುಟ್ಟಿ."

"ಮತ್ತೆ ಯಾಕೆ ಹೇಳ್ಲಿಲ್ಲ?"

ನಾನು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. ಅವಳು ಆಗಲೇ ಬೇರೆ ಭಾಷೆ ಆರಿಸಿ ಮತ್ತೆ ಮೊದಲಿಂದ ಶುರು ಮಾಡಿದ್ದಳು. ಆ ಭಾಷೆಯಲ್ಲಿ ಮೊನ್ನೆ ಬಾಗಿಲು ತೆರೆಯಿತು. ಆಮೆ ಏನೋ ಹೇಳಿತು, ನಮಗಿಬ್ಬರಿಗೂ ಅರ್ಥವಾಗಲಿಲ್ಲ. ನಮ್ಮ ಭಾಷೆಯಲ್ಲಿ ಅದು ಏನು ಹೇಳಬೇಕಿತ್ತು ಅಂತ ಮಾವನನ್ನು ಕೇಳಬೇಕಂತೆ.

ಇನ್ನೊಂದು. ಮೂರು ಸಲ ಆಡಿ ನೋಡಿದ್ದೆ ಅಂತ ಬರೆದಿದ್ದೀರಿ. ನಿಜ, ಮೂರೇ ಸಲ. ಆದರೆ ಅದನ್ನು ನಾನು ಆ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬರೆದಿರಲಿಲ್ಲ, ಯಾರಿಗೂ ಹೇಳಿರಲಿಲ್ಲ ಅಂದುಕೊಂಡಿದ್ದೆ. ನಿಮಗೆ ಯಾವಾಗಲೋ ಹೇಳಿರಬೇಕು. ನೋಡಿ, ಇದನ್ನೂ ಮರೆತಿದ್ದೇನೆ.

ಅದಕ್ಕೇ ತೀರ್ಮಾನ ಮಾಡಿಬಿಟ್ಟೆ. ಮುಖ್ಯ ಪರೀಕ್ಷಕನ ಕೆಲಸ ಬೇಡ ಅಂತ ಅರ್ಜಿ ಬರೆದು ಬ್ಯಾಗಿನಲ್ಲಿ ಇಟ್ಟಿದ್ದೇನೆ. ೨೨ಕ್ಕೆ ಕೊಡುತ್ತೇನೆ. ಕೊಡಲು ಮರೆಯಬಾರದು ಅಂತ ಬಾಗಿಲಿಗೆ ಒಂದು ಕಾಗದವನ್ನೂ ಅಂಟಿಸಿದ್ದೇನೆ, ಅಕ್ಕನಿಗೆ ಹೇಳಿ, ನಗುತ್ತಾಳೆ.

ಇಂತಿ
ಮರೆಗುಳಿ


ಏಪ್ರಿಲ್ ೧೨

ಮೈದುನನಿಗೆ,

ಇದನ್ನು ಕೂತು ಓದು. ಹೆಂಡತಿಗೆ ಕೊಡುವುದು ಬಿಡುವುದು ಆಮೇಲೆ ನೀನೇ ಯೋಚಿಸು.

ನೀನು ಏನೂ ಮರೆತಿಲ್ಲ. ಮೂರು ಸಲದ ವಿಷಯ ನೀನು ನನಗೆ ಬಾಯಲ್ಲಿ ಹೇಳಿಲ್ಲ, ನಾನು ಅದನ್ನು ಓದಿದ್ದು ನಿನ್ನ ಚೀಟಿಯಲ್ಲೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನನ್ನನ್ನು ಯಾರೂ ಕಳ್ಳ ಅನ್ನಲೇ ಇಲ್ಲ, ಆದರೂ ನನ್ನ ಕೈ ಹೆಗಲಿಗೆ ಹೋಯಿತು. ಅದನ್ನು ನೀನು ಹಿಡಿದೆ. ಹಿಡಿದು, ತಪ್ಪು ನಿನ್ನದೇ ಅಂತ ಮತ್ತೆ ನಿನ್ನ ತಲೆಗೇ ಕಟ್ಟಿಕೊಂಡೆ. ಆ ಸಾಲು ಓದಿ ನನಗೆ ಊಟ ಸೇರಲಿಲ್ಲ.

ಚೀಟಿ ಇದರ ಜೊತೆಗಿದೆ. ಗುಲಾಬಿ ಬಣ್ಣ ಹೋಗಿದೆ, ಅಕ್ಷರ ನಿನ್ನದೇ. "ನಮ್ಮ ಭಾಷೆಯಲ್ಲಿ, ೯೬ ಕೀಲಿಕೈ ಪೂರ್ತಿ ಇದ್ದಾಗ, ಕೊನೇ ಬಾಗಿಲಲ್ಲಿ ಆಟ ನಿಲ್ಲುತ್ತದೆ. ಮೂರು ಸಲ ಆಡಿದೆ, ಮೂರು ಸಲವೂ ನಿಂತಿತು."

ಅವತ್ತು ನಡೆದದ್ದು ಇಷ್ಟು. ಒಂದೊಂದು ಭಾಷೆಯಲ್ಲೂ ಆಮೆಯ ಮಾತಿಗೆ ಮೂರು ಸಾಲು ಜಾಗ ಕೊಟ್ಟಿದ್ದರು. ನಾನು ನಾಲ್ಕು ಬರೆದೆ. ಆ ಮಾತು ನನಗೆ ಇಡೀ ಆಟದಲ್ಲಿ ಇಷ್ಟವಾದದ್ದು. "ಬಂದೆಯಾ ಮಗು? ಬಾವಿ ಚಿಕ್ಕದಿರಲಿಲ್ಲ, ಅಲ್ಲಿಂದ ಕಾಣುವ ಆಕಾಶ ಚಿಕ್ಕದಿತ್ತು. ಹೋಗು, ಹೊರಗೆ ನಿನಗೂ ಜಾಗವಿದೆ." ನಾಲ್ಕನೇ ಸಾಲು ಪಕ್ಕದ ಜಾಗಕ್ಕೆ ನುಗ್ಗಿ, ಅಲ್ಲಿದ್ದ ಇನ್ನೇನನ್ನೋ ಅಳಿಸಿ ಆಟ ನಿಲ್ಲುತ್ತಿತ್ತು. ನಿನ್ನ ಚೀಟಿ ನನ್ನ ತಟ್ಟೆಗೆ ಬಂದಾಗ ಫ್ಯಾಕ್ಟರಿಗೆ ಕಳಿಸಲು ಒಂದು ದಿನ ಇತ್ತು. ಒಂದು ಸಾಲು ಹೊಡೆದು ಹಾಕಿದ್ದರೆ ಮುಗಿಯುತ್ತಿತ್ತು. ನಾನು ಏನು ಮಾಡಿದೆ ಅಂದರೆ, ಕ್ಯಾಸೆಟ್ಟಿಗೆ ಉಫ್ ಅಂತ ಊದಿ, ಪರೀಕ್ಷೆಯವರು ಬಳಸುವ ಅಡ್ಡದಾರಿಯ ಗುಂಡಿ ಒತ್ತಿ ನೇರ ಕೊನೇ ಬಾಗಿಲಿಗೆ ಹೋದೆ. ಬಾಗಿಲು ತೆರೆಯಿತು. ಅಡ್ಡದಾರಿಯಲ್ಲಿ ಹೋದವನ ಹತ್ತಿರ ಕೀಲಿಕೈ ಇರುವುದಿಲ್ಲ, ಆಮೆ ಅವನಿಗೆ ಆ ಉದ್ದದ ಮಾತು ಆಡುವುದೇ ಇಲ್ಲ ಅನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ. ಹೊಳೆಯುವುದು ಬೇಕಿರಲಿಲ್ಲ ಅಂತ ಈಗ ಅನ್ನಿಸುತ್ತದೆ. ಹುಡುಗನಿಗೆ ಧೂಳಿನ ಕ್ಯಾಸೆಟ್ಟು ಸಿಕ್ಕಿರಬೇಕು ಅಂದುಕೊಂಡು ಚೀಟಿಯನ್ನು ಡ್ರಾಯರಿಗೆ ಹಾಕಿದೆ.

ಆಮೇಲೆ ಮಕ್ಕಳ ಕಾಗದಗಳು ಬಂದವು, ವಿಚಾರಣೆ ಬಂತು. ನಿನ್ನ ಅಕ್ಕನಿಗೆ ಏಳು ತಿಂಗಳು. ಆ ನೆಪ ಹೇಳಿ ಇಪ್ಪತ್ತೆರಡು ವರ್ಷ ನನ್ನನ್ನು ನಾನು ಸಮಾಧಾನ ಮಾಡಿದ್ದೇನೆ, ನಿನಗೆ ಹೇಳಲು ನಾಚಿಕೆ. ನಿಜ ಏನು ಅಂದರೆ ಹೆದರಿದೆ. "ಬಂದಿಲ್ಲ" ಅಂದೆ. ಅದೇ ಸಂಜೆ ನೀನು ಮನೆಗೆ ಬಂದು "ಭಾವ, ನಾನೇ ಎಲ್ಲೋ ಬಿಟ್ಟಿರಬೇಕು, ನಿಮಗೆ ತೊಂದರೆ ಆಯ್ತು" ಅಂತ ನನ್ನ ಕೈ ಹಿಡಿದೆ. ಆಗಲಾದರೂ ಹೇಳಬಹುದಿತ್ತು. ನಾನು ನಿನ್ನನ್ನು ಕ್ಷಮಿಸಿದೆ. ಅದಾದ ಮೇಲೆ ನೀನು ಕೇಳಿದಾಗಲೆಲ್ಲ ಕ್ಷಮಿಸುತ್ತಲೇ ಬಂದೆ. ಮರೆಗುಳಿ ಅಂತ ಮನೆಯಲ್ಲಿ ಮೊದಲು ಕರೆದವನೂ ನಾನೇ, ನಿನ್ನ ಅಕ್ಕ ಅಲ್ಲ. ತಮಾಷೆಗೆ ಶುರು ಮಾಡಿದೆ. ಎಲ್ಲರೂ ಅದನ್ನೇ ನಂಬಿದರೆ ನನ್ನ ಮಾತು ಗಟ್ಟಿಯಾಗುತ್ತಿತ್ತು.

ಮೂರು ಸಲ ನೋಡುವ ಗುಣ ನಿನಗೆ ಆ ತಪ್ಪಿನಿಂದ ಬಂತು ಅಂತ ನೀನು ಎಲ್ಲರ ಹತ್ತಿರ ಹೇಳುತ್ತೀಯ. ಚೀಟಿ ಓದು. ಅದು ನಿನಗೆ ಮೊದಲೇ ಇತ್ತು.

ಕ್ಷಮೆ ಕೇಳುವುದಿಲ್ಲ. ಆ ಮಾತನ್ನು ನಾನು ನಿನ್ನಿಂದ ಕೇಳಿ ಕೇಳಿ ಕೆಡಿಸಿಬಿಟ್ಟಿದ್ದೇನೆ. ಆ ಅರ್ಜಿ ಹರಿದು ಹಾಕು. ಕೆಲಸ ಒಪ್ಪಿಕೋ.

ಭಾವ


ಮೇ ೧೦

ಮೈದುನನಿಗೆ,

ಉತ್ತರ ಬರಲಿಲ್ಲ. ಬರಬೇಕು ಅಂತ ಹಕ್ಕಿನಿಂದ ಕೇಳುತ್ತಿಲ್ಲ.

ನಿನ್ನ ಅಕ್ಕನಿಗೆ ಹೇಳಿದೆ. ಬೈಯುತ್ತಾಳೆ ಅಂತ ಕಾಯುತ್ತಿದ್ದೆ. ಬೈಯಲಿಲ್ಲ. ಮಡಿಸುತ್ತಿದ್ದ ಬಟ್ಟೆ ಕೆಳಗಿಟ್ಟು, "ಇಷ್ಟು ವರ್ಷ ನನ್ನ ತಮ್ಮನ್ನ ನನ್ನ ಬಾಯಿಂದಾನೇ ಹಂಗ್ಸಿದ್ರಲ್ಲ ನೀವು" ಅಂದಳು. ಅಷ್ಟೇ. ಮೂರು ದಿನ ತಟ್ಟೆ ಬಡಿಸಿ ಒಳಗೆ ಹೋಗುತ್ತಿದ್ದಳು. ಇವತ್ತು ಬೆಳಿಗ್ಗೆ ಬಸ್ಸು ಹತ್ತಿದ್ದಾಳೆ, ನಿಮ್ಮ ಮನೆಗೇ ಬರುತ್ತಿರಬೇಕು. ನನಗೆ ಹೇಳಿ ಹೋಗಲಿಲ್ಲ. ಈ ಕಾಗದ ತಲುಪುವ ಮೊದಲೇ ನೀನು ಬಾಗಿಲು ತೆಗೆದಿರುತ್ತೀಯ.

ಕಂಪನಿಗೂ ಬರೆದಿದ್ದೇನೆ, ತಪ್ಪು ಯಾರದು ಅಂತ ಹೆಸರು ಹಾಕಿಯೇ. ಅಲ್ಲಿ ಈಗ ಅವತ್ತಿನವರು ಯಾರೂ ಇಲ್ಲ. ಒಬ್ಬಳು ಎಂಜಿನಿಯರ್ "ಮಾಹಿತಿಗೆ ಧನ್ಯವಾದ ಸರ್" ಅಂತ ಉತ್ತರ ಕೊಟ್ಟಳು. ಪರೀಕ್ಷಕರ ಪಟ್ಟಿಯಲ್ಲಿ ನಿನ್ನ ಹೆಸರು ಬಿಟ್ಟಿದ್ದರು, ಸೇರಿಸುತ್ತಾರಂತೆ. ನಮ್ಮ ಭಾಷೆಯನ್ನು ಪರೀಕ್ಷೆ ಮಾಡಲು ಜನ ಬೇಕು ಅಂದರು, ನಿನ್ನ ವಿಳಾಸ ಕೊಟ್ಟಿದ್ದೇನೆ. ಆಟ ಕಳಿಸುತ್ತಾರೆ. ಬೇಡವಾದರೆ ವಾಪಸ್ ಕಳಿಸು.

ಆಮೆಯ ಮಾತು ಕತ್ತರಿಸಿದ್ದೇನೆ. "ಬಂದೆಯಾ ಮಗು? ಹೋಗು." ಅಷ್ಟೇ ಇದೆ. ಈಗ ಜಾಗಕ್ಕೆ ಬರವಿಲ್ಲ, ಹಳೆಯದನ್ನೇ ಇಡಬಹುದು ಅಂತ ಅವಳು ಹೇಳಿದಳು. ನನಗೇ ಬೇಡ ಅನ್ನಿಸಿತು.

ನಿನ್ನ ಕೆಲಸ ಏನಾಯಿತು ಅಂತ ಕೇಳಲು ಧೈರ್ಯವಿಲ್ಲ.

ಭಾವ


ಮೇ ೨೪

ಭಾವನವರಿಗೆ,

ಅಕ್ಕ ಬಂದು ಎರಡು ವಾರ ಆಯಿತು. ಬಂದವಳು ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೆ ನಡೆದಳು. ಗೋಡೆಗೆ ನಾನು ಅಂಟಿಸಿಕೊಂಡ ಕಾಗದಗಳಿವೆಯಲ್ಲ, "ಗ್ಯಾಸ್", "ನಲ್ಲಿ", "ಕಿಟಕಿ", "ಬೀಗ", ಅವನ್ನು ಒಂದೊಂದಾಗಿ ಕಿತ್ತು ಸೆರಗಿನಲ್ಲಿ ಹಾಕಿಕೊಂಡಳು. "ಇದನ್ನ ನೋಡಿ ನಾನು ಎಷ್ಟು ನಕ್ಕಿದೀನಿ ಕಣೋ" ಅಂತ ಅಲ್ಲೇ ಕೂತು ಅತ್ತಳು. ಮಗಳು ಹೆದರಿ ಅತ್ತೆಯ ಬೆನ್ನು ಸವರುತ್ತಾ ನಿಂತಳು. ನನಗೂ ಅಳು ಬಂತು. ಅದರಲ್ಲಿ ಅರ್ಧ ಸಿಟ್ಟು.

ಸಿಟ್ಟಿನ ಬಗ್ಗೆ ಬರೆಯಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವುದನ್ನು ಕೇಳಿದ್ದೆ. ಆ ಎಮ್ಮೆ ಇಪ್ಪತ್ತೆರಡು ವರ್ಷ ಎತ್ತಿನ ಹತ್ತಿರ ಹೋಗಿ ಹೋಗಿ ಕ್ಷಮೆ ಕೇಳಿತು ಅನ್ನುವುದು ನಮ್ಮಲ್ಲೇ ಆಗಿದ್ದು. ನಿಮ್ಮ ಕಾಗದ ಓದಿದ ದಿನ ನಿಮ್ಮನ್ನು ಬಾಯಿಗೆ ಬಂದಂತೆ ಬೈದೆ. ಹೆಂಡತಿ ಕಿಟಕಿ ಮುಚ್ಚಿದಳು. ಅವತ್ತು ಕೆಲಸ ಹೋದದ್ದಕ್ಕಲ್ಲ, ಭಾವ. ನನ್ನ ತಲೆಯೊಳಗೆ ಇದ್ದ ನಿಜವನ್ನೇ ನಾನು ನಂಬದ ಹಾಗೆ ಮಾಡಿದಿರಲ್ಲ, ಅದಕ್ಕೆ. ಅವತ್ತು ನಿಮ್ಮ ತಟ್ಟೆಗೆ ಚೀಟಿ ಹಾಕಿದ ನನ್ನ ಕೈ ನನಗೆ ಇವತ್ತಿಗೂ ಕಾಣುತ್ತದೆ. ಅದನ್ನು ಕನಸು ಅಂದುಕೊಂಡಿದ್ದೆ.

ಇನ್ನು ಒಂದು ವಿಷಯ. ನಾನು ಪರೀಕ್ಷಕ, ಕಣ್ಣಿಗೆ ಬೀಳುತ್ತದೆ. ನಿಮ್ಮ ಕಾಗದದ ಮೇಲಿನ ತಾರೀಕು ಏಪ್ರಿಲ್ ೧೨. ಲಕೋಟೆಯ ಮೇಲಿನ ಅಂಚೆ ಮುದ್ರೆ ಏಪ್ರಿಲ್ ೨೦. ನನ್ನ ಕೈಗೆ ಬಂದದ್ದು ೨೩. ಅರ್ಜಿ ಕೊಟ್ಟದ್ದು ೨೨ರ ಬೆಳಿಗ್ಗೆ. ೨೩ಕ್ಕೇ ಓಡಿ ಹೋಗಿ ವಾಪಸ್ ಕೊಡಿ ಅಂದೆ. ಸಾಹೇಬರು ಒಳ್ಳೆಯವರು, ಕೂರಿಸಿ ಚಹಾ ತರಿಸಿದರು. "ನಿನ್ನೆ ಸಂಜೇನೇ ಇನ್ನೊಬ್ಬರಿಗೆ ಆರ್ಡರ್ ಆಯ್ತಲ್ರೀ" ಅಂದರು. ಮತ್ತೆ ಆ ಜಾಗ ಖಾಲಿಯಾಗುವುದು ಎರಡು ವರ್ಷಕ್ಕಂತೆ, ಆಗ ಕೇಳಿ ಅಂದರು. ಕೇಳುತ್ತೇನೆ. ಎಂಟು ದಿನ ಆ ಕಾಗದ ಎಲ್ಲಿತ್ತು ಅಂತ ನಿಮ್ಮನ್ನು ಕೇಳುವುದಿಲ್ಲ. ನನಗೆ ಗೊತ್ತು, ನಿಮಗೂ ಗೊತ್ತು.

ಕ್ಷಮೆ ಕೇಳುವುದಿಲ್ಲ ಅಂದಿದ್ದೀರಿ. ಸರಿ, ನಾನೂ ಕೊಡುವುದಿಲ್ಲ, ಸದ್ಯಕ್ಕೆ. ಅಕ್ಕನನ್ನು ಮುಂದಿನ ವಾರ ನಾನೇ ಬಸ್ಸು ಹತ್ತಿಸುತ್ತೇನೆ. ಬರುವುದಿಲ್ಲ ಅನ್ನುತ್ತಾಳೆ, ಬಂದೇ ಬರುತ್ತಾಳೆ, ನಿಮ್ಮ ಬಿಪಿ ಮಾತ್ರೆ ಯಾವ ಡಬ್ಬಿಯಲ್ಲಿದೆ ಅಂತ ನಿಮಗೆ ಗೊತ್ತಿಲ್ಲ ಅಂತ ದಿನಕ್ಕೆರಡು ಸಲ ಹೇಳುತ್ತಿದ್ದಾಳೆ.

ಹೊಸ ಆಟ ಬಂತು, ಆಡಿ ನೋಡಿದೆವು. ವರದಿ ಹಳೇ ಪದ್ಧತಿಯಲ್ಲೇ ಬರೆದಿದ್ದೇನೆ, ಕಂಪನಿಗೂ ಒಂದು ಪ್ರತಿ ಕಳಿಸಿದ್ದೇನೆ.

ಭಾಷೆ: ನಮ್ಮದು.
ಕೀಲಿಕೈ: ೯೬.
ಎಷ್ಟು ಸಲ ಆಡಿದ್ದು: ಮೂರು. ಎರಡು ಸಲ ಮಗಳು, ಒಂದು ಸಲ ನಾನು.
ಕೊನೇ ಬಾಗಿಲು: ಮೂರು ಸಲವೂ ತೆರೆಯಿತು.
ಕಂಡ ತಪ್ಪು: ಆಮೆಯ ಮಾತು ತೀರಾ ಚಿಕ್ಕದು. ಮಗಳು "ಇಷ್ಟೇನಾ? ಇಷ್ಟಕ್ಕಾ ನಾನು ಬಾವಿ ಹತ್ತಿದ್ದು?" ಅಂದಳು. ಹಳೇ ನಾಲ್ಕು ಸಾಲನ್ನೇ ಹಾಕತಕ್ಕದ್ದು. ತಪ್ಪು ಆ ಮಾತಿನದಾಗಿರಲಿಲ್ಲ.

ಈಗಲೂ ಲಿಫ್ಟಿನ ಹಗ್ಗ ಮೂರು ಸಲವೇ ನೋಡುತ್ತೇನೆ. ಮನೆ ಬೀಗ ಮಾತ್ರ ಒಂದೇ ಸಲ. ಮೊದಲ ದಿನ ಬಸ್‌ಸ್ಟಾಪಿನವರೆಗೆ ಹೋಗಿ ಕಾಲು ವಾಪಸ್ ಎಳೆಯಿತು, ಹೋಗಲಿಲ್ಲ.

ಕೊನೇದಾಗಿ. ನನ್ನ ಹಳೇ ಚೀಟಿಯನ್ನು ಇದರ ಜೊತೆ ವಾಪಸ್ ಕಳಿಸಿದ್ದೇನೆ. ಕೆಳಗೆ ಬಲಗಡೆ ಒಂದು ಚೌಕ ಇದೆ ನೋಡಿ. "ಚೀಟಿ ತಲುಪಿತು. ಸಹಿ, ತಾರೀಕು" ಅಂತ ಅಚ್ಚಾಗಿದೆ. ಅದು ಖಾಲಿ ಇದೆ. ಅದನ್ನು ತುಂಬಿ ನನಗೆ ಕಳಿಸಿ. ಎರಡು ವರ್ಷದ ಮೇಲೆ ಆ ಕೆಲಸ ಕೇಳಲು ಹೋಗುವಾಗ ಜೇಬಿನಲ್ಲಿ ಇಟ್ಟುಕೊಳ್ಳಬೇಕು.

ಇಂತಿ
ಪರೀಕ್ಷಕ


ಮೇ ೨೯

ಪರೀಕ್ಷಕರಿಗೆ,

ಆ ಕಾಗದ ಎಂಟು ದಿನ ಡ್ರಾಯರಿನಲ್ಲಿತ್ತು. ಅದೇ ಮೇಜು, ಆಫೀಸು ಮುಚ್ಚಿದಾಗ ಮನೆಗೆ ತಂದದ್ದು, ಅದೇ ಡ್ರಾಯರು. ದಿನಾ ತೆಗೆದು ನೋಡಿ ನಾಳೆ ಅಂದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದವನು ನಾನು, ಅದೂ ಎರಡು ಸಲ. ನೀನು ಕೇಳದಿದ್ದರೂ ಹೇಳುವುದು ನನ್ನ ಕೆಲಸ.

ಆಮೆಯ ಮಾತು ವಾಪಸ್ ಹಾಕಿಸಿದ್ದೇನೆ. ಪುಟ್ಟಿಗೆ ಹೇಳು, ಅದನ್ನು ಮೊದಲು ಓದುವವಳು ಅವಳೇ. ಇಷ್ಟು ವರ್ಷದಲ್ಲಿ ಆಟದೊಳಗೆ ಯಾರೂ ಓದಿಲ್ಲ.

ಇವತ್ತು ಮೇಜಿನ ಡ್ರಾಯರು ಕಳಚಿ ಹೊರಗೆ ಇಟ್ಟೆ. ಈಗ ಅಲ್ಲೊಂದು ತೂತಿದೆ. ಏನು ಹಾಕಿದರೂ ಕಾಲ ಮೇಲೆ ಬೀಳುತ್ತದೆ. ನಿನ್ನ ಅಕ್ಕ ಬಂದು ಬೈಯಲಿ.

ಚೀಟಿ ಲಗತ್ತಿಸಿದೆ. ಚೌಕದಲ್ಲಿ ಸಹಿ ಹಾಕಿದ್ದೇನೆ. ಇವತ್ತಿನ ತಾರೀಕು ಬರೆಯಲು ಪೆನ್ನು ಹೋಯಿತು, ತಡೆದೆ. ಅದು ನನಗೆ ತಲುಪಿದ್ದು ಅವತ್ತು, ಫ್ಯಾಕ್ಟರಿಗೆ ಕಳಿಸುವ ಹಿಂದಿನ ದಿನ, ಮಧ್ಯಾಹ್ನ ಮೂರು ಗಂಟೆಗೆ. ಅವತ್ತಿನ ತಾರೀಕನ್ನೇ ಹಾಕಿದ್ದೇನೆ.

ಅಂಚೆ ಡಬ್ಬಿಗಲ್ಲ, ಕಚೇರಿಗೇ ಹೋಗಿ, ಮುದ್ರೆ ಬೀಳುವುದನ್ನು ನಿಂತು ನೋಡಿ ಬರುತ್ತೇನೆ.

ನಿನ್ನ ಭಾವ